ದೊಡ್ಡವ್ವನಿಗೆ ಹೇಳದೆ ಬಿಟ್ಟ ಸುಣ್ಣ

ಮೊನ್ನೆ ಭಾನುವಾರ ತಾರಸಿಯ ಮೇಲೆ ಕೆಂಡ ಮಾಡಿ, ಜಾಲರಿ ಇಟ್ಟು, ಕೋಳಿಯ ತೊಡೆಗಳನ್ನು ಸುಡುತ್ತಿದ್ದೆ. ನಿಂಬೆರಸ, ಬೆಳ್ಳುಳ್ಳಿ, ನೆನೆಸಿ ರುಬ್ಬಿದ ಬ್ಯಾಡಗಿ ಮೆಣಸಿನಕಾಯಿ ಎಲ್ಲಾ ಸೇರಿ ಕೆಂಡದ ಮೇಲೆ ತೊಟ್ಟಿಕ್ಕಿ ಚೊಂಯ್ ಎಂದಾಗ ಒಂದು ಘಾಟು ಎದ್ದಿತು ನೋಡಿ... ಆ ಹೊಗೆ ಗಾಳಿಗೆ ಸಿಕ್ಕಿ ನೇರ ಮೂಲೆಮನೆಯ ಕಡೆಗೆ ಹೋಯಿತು. ಎಷ್ಟೋ ಭಾನುವಾರ ನಾನೇ ಮೊರ ಹಿಡಿದು ಅದನ್ನು ಆ ಕಡೆ ಬೀಸಿ ಕಳಿಸಿದ್ದುಂಟು. ಸುಳ್ಳೇಕೆ ಹೇಳಲಿ? ಮೂಸಿ ಹೊಟ್ಟೆ ಉರಿದುಕೊಳ್ಳಲಿ ಎಂದೇ ಬೀಸುತ್ತಿದ್ದೆ. ಈಗ ಆ ಮನೆಯಲ್ಲಿ ದೊಡ್ಡವ್ವ ಇಲ್ಲ.

ನಂಜನಗೂಡಿನಲ್ಲಿ ರೈಲ್ವೆ ಸ್ಟೇಷನ್ನಿನ ಆಚೆಗಿರುವ ನಮ್ಮ ಬೀದಿಗೆಲ್ಲ ಆಯಮ್ಮ ದೊಡ್ಡವ್ವನೇ. ನಮಗೆ ನೆಂಟಳೇನೂ ಅಲ್ಲ. ಯಾರ ಮನೆಗೆ ನೆಂಟರು ಬಂದರೂ ನಾಟಿಕೋಳಿ ಸಾರಿಗೆ ಮೊದಲು ದೊಡ್ಡವ್ವನಿಗೆ ಹೇಳಿ ಕಳಿಸುತ್ತಿದ್ದರು. ಸೊಂಟದಲ್ಲಿ ಎಲೆಅಡಿಕೆ ಚೀಲ, ಬಾಯಿ ತುಂಬ ಕೆಂಪು, ಬಂದವಳೇ ಒರಳಿನ ಮುಂದೆ ಕೂರುತ್ತಿದ್ದಳು. ಖಾರ ರುಬ್ಬುವ ಹೊತ್ತಿಗೆ ಸರಿಯಾಗಿ, ‘ಹೋಗಿ ಕೊತ್ತಂಬರಿ ತಕ್ಕೊಂಬಾ, ಹೋಗಿ ಮಗೀನ್ ನೋಡು’ ಅಂತ ಮಿಕ್ಕವರನ್ನೆಲ್ಲ ಎಬ್ಬಿಸಿಬಿಡುತ್ತಿದ್ದಳು. ಆ ಸಾರು ಹೇಗಿತ್ತು ಎಂದರೆ, ಈ ಹಾಳು ಬಾಯಿಗೆ ಈಗಲೂ ನೀರು ಬರುತ್ತದೆ. ಅದೇ ನನಗೆ ಆಗದ ವಿಷಯ.

ನಾನು ಮೂಗೂರಿನಿಂದ ಈ ಬೀದಿಗೆ ಸೊಸೆಯಾಗಿ ಬಂದವಳು. ನಮ್ಮವ್ವ ನಾನು ಚಿಕ್ಕವಳಿದ್ದಾಗಲೇ ಹೋಗಿದ್ದಳು. ಅಪ್ಪನೇ ಹೊಲದಿಂದ ಬಂದು ಮುದ್ದೆ ತಿರುವಿ, ಸಾರು ಕಾಸಿ, ನನ್ನನ್ನು ಸಾಕಿದ. ಅಡುಗೆಯಲ್ಲಿ ನನ್ನ ಕೈ ಅಷ್ಟಕ್ಕಷ್ಟೆ. ಮದುವೆಯಾಗಿ ಆರೇಳು ತಿಂಗಳಿಗೆ, ಬಂದು ನೋಡಿಕೊಂಡು ಹೋಗುತ್ತೇನೆ ಎಂದು ಅಪ್ಪ ಹೇಳಿ ಕಳಿಸಿದಾಗ ನನಗೆ ಒಂದೇ ಆಸೆ. ಅಷ್ಟು ವರ್ಷ ನನಗೆ ಬೇಯಿಸಿ ಹಾಕಿದವನಿಗೆ ಒಂದು ಊಟವನ್ನಾದರೂ ನನ್ನ ಕೈಯಾರೆ ಮಾಡಿ ಬಡಿಸಬೇಕು. ದೊಡ್ಡವ್ವನನ್ನು ಕರೆದು ಮಾಡಿಸಿದರೆ ಅದು ಅವಳ ಅಡುಗೆಯಾಗುತ್ತಿತ್ತು. ಅದಕ್ಕೇ ಹೋಗಿ, ಕಾಲು ಹಿಡಿಯುವುದೊಂದು ಬಾಕಿ, ಹೇಳಿಕೊಡು ಎಂದು ಕೇಳಿಕೊಂಡೆ.

ಎಲ್ಲಾ ಹೇಳಿದಳು. ಎಷ್ಟು ಮೆಣಸಿನಕಾಯಿ, ಎಷ್ಟು ಕಾಯಿ, ಚಕ್ಕೆ ಲವಂಗ ಎಷ್ಟು ಹುರಿಯಬೇಕು, ಎಲ್ಲಾ. ಕೊನೆಗೆ ನನ್ನ ಗಲ್ಲ ಹಿಡಿದು, “ಉಣಸೆ ಉಳಿನ ಮೊದ್ಲೇ ಬುಟ್ಬುಡು ಕಣಮ್ಮಿ, ಕೋಳಿ ಬೆಣ್ಣೆಯಂಗೆ ಬೇಯ್ತದೆ” ಅಂದಳು. ನಾನು ನಂಬಿದೆ.

ಅಪ್ಪ ತಾನೇ ಸಾಕಿದ ಹುಂಜವನ್ನು ಚೀಲದಲ್ಲಿ ಹಾಕಿ, ಅದರ ತಲೆ ಮಾತ್ರ ಹೊರಗೆ ಬಿಟ್ಟುಕೊಂಡು, ನರಸೀಪುರದಲ್ಲಿ ಬಸ್ಸು ಬದಲಾಯಿಸಿ ಬಂದ. ಹುಳಿ ಮೊದಲೇ ಬಿದ್ದರೆ ಬಲಿತ ಹುಂಜ ಬೇಯುವುದಿಲ್ಲ, ಇನ್ನಷ್ಟು ಬಿರುಸಾಗುತ್ತದೆ. ಇದು ಈಗ ನನಗೆ ಗೊತ್ತು. ಅವತ್ತು ಮೂರು ಗಂಟೆ ಕುದಿಸಿದರೂ ತುಂಡುಗಳು ಚಪ್ಪಲಿಯ ಅಟ್ಟೆಯ ಹಾಗೆಯೇ ಇದ್ದವು. ಅಪ್ಪನಿಗೆ ಇದ್ದದ್ದು ನಾಲ್ಕೈದು ಹಲ್ಲು. ಒಂದು ತುಂಡನ್ನು ಈ ದವಡೆಯಿಂದ ಆ ದವಡೆಗೆ ಹಾಕುತ್ತಾ ಎಷ್ಟು ಹೊತ್ತು ಅಗಿದ... ಕೊನೆಗೆ ಮೆಲ್ಲಗೆ ತೆಗೆದು ತಟ್ಟೆಯ ಅಂಚಿಗಿಟ್ಟು ಬರೀ ರಸದಲ್ಲಿ ಮುದ್ದೆ ನುಂಗಿದ. “ಚೆಂದಾಗದೆ ಕಣವ್ವ, ನಂಗೇ ಹಲ್ಲು ಸರ್ಯಾಗಿಲ್ಲ” ಅಂದ. ಮೂರು ತಿಂಗಳಿಗೆ ಅಪ್ಪ ಹೋಗಿಬಿಟ್ಟ. ನನ್ನ ಮನೆಯಲ್ಲಿ ಅವನು ಉಂಡದ್ದು ಅದೊಂದೇ ಊಟ.

ತಪ್ಪು ನನ್ನದೇ ಎಂದುಕೊಂಡು ಅತ್ತಿದ್ದೆ. ಆಮೇಲೊಂದು ದಿನ ಬೀದಿ ನಲ್ಲಿಯ ಹತ್ತಿರ ದೊಡ್ಡವ್ವ ಇನ್ನೊಬ್ಬಳಿಗೆ ಹೇಳುತ್ತಿದ್ದುದು ಕಿವಿಗೆ ಬಿತ್ತು. “ಎಲ್ಲಾನೂ ಹೇಳ್ಕೊಟ್ಬುಟ್ರೆ ಆಮೇಲೆ ನನ್ನ ಯಾರ್ ಕರ್ದಾರು? ಉಳಿ ಮೊದ್ಲೇ ಬುಡು ಅಂದೆ, ಬುಟ್ಲು!” ಅಂತ ನಕ್ಕಳು. ನಾನು ಬಿಂದಿಗೆಯನ್ನು ಅಲ್ಲೇ ಬಿಟ್ಟು ಮನೆಗೆ ಬಂದೆ.

ಹಾವಿನ ಹಗೆ ಹನ್ನೆರಡು ವರುಷವಂತೆ. ನನ್ನದು ಅದನ್ನೂ ದಾಟಿತು. ಮೇಲೆ ನಗುತ್ತಿದ್ದೆ, ಸಂಕ್ರಾಂತಿಗೆ ಎಳ್ಳು ಬೀರುತ್ತಿದ್ದೆ, ಒಳಗೆ ಮಾತ್ರ ಇರು ನಿನಗೈತೆ ಎನ್ನುತ್ತಿದ್ದೆ. ಅವಳನ್ನು ಹೇಗೆ ನೋಯಿಸಬೇಕು ಎಂದು ಹೊಳೆಯುತ್ತಿರಲಿಲ್ಲ, ಅಷ್ಟೇ.

ಹೊಳೆದದ್ದು ನನ್ನ ಮಗಳಿಂದ. ಮೈಸೂರಿನಲ್ಲಿ ಓದುತ್ತಿದ್ದವಳು ಯಾವುದೋ ಹೋಟೆಲಿನಲ್ಲಿ ಮೆಕ್ಸಿಕೋ ದೇಶದ ಸುಟ್ಟ ಕೋಳಿ ತಿಂದು ಬಂದು, “ಜೋಳದ ರೊಟ್ಟಿಯೊಳಗೆ ಇಟ್ಟು ಮಡಚಿ ಕೊಡ್ತಾರಮ್ಮ, ನೀನೂ ಮಾಡು” ಎಂದು ದುಂಬಾಲು ಬಿದ್ದಳು. ಫೋನಿನಲ್ಲಿ ವಿಡಿಯೋ ನೋಡಿ ಕಲಿತೆ. ಕೋಳಿ ಸುಲಭ. ತೊಡೆಗೆ ಆಳವಾಗಿ ಗೀರು ಹಾಕಿ, ಮೆಣಸಿನಕಾಯಿ, ಜೀರಿಗೆ, ಬೆಳ್ಳುಳ್ಳಿಯನ್ನು ನಿಂಬೆ, ಕಿತ್ತಳೆ ರಸದಲ್ಲಿ ರುಬ್ಬಿ ಮೆತ್ತಿ, ಪಿಜ್ಜಾ ಜೊತೆ ಬರುವ ಪೊಟ್ಟಣದ ಒರೆಗಾನೊ ಉದುರಿಸಿ, ನಾಲ್ಕು ಗಂಟೆ ಬಿಟ್ಟು ಇಸ್ತ್ರಿ ಅಂಗಡಿಯ ಇದ್ದಿಲಿನ ಮೇಲೆ ಸುಟ್ಟರಾಯಿತು. ಪ್ರಾಣ ತಿಂದದ್ದು ಟೋರ್ಟಿಯಾ ಎನ್ನುವ ಆ ರೊಟ್ಟಿ. ಮುಸುಕಿನ ಜೋಳದ ಹಿಟ್ಟು ಕಲಸಿ ತಟ್ಟಿದರೆ ಪುಡಿಪುಡಿ. ಹುಡುಕಿ ನೋಡಿದರೆ ಅದರ ಗುಟ್ಟು ಸುಣ್ಣ! ಎಲೆಗೆ ಹಚ್ಚುತ್ತೇವಲ್ಲ, ಅದೇ. ಅವರು ಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ಒಂದು ರಾತ್ರಿ ನೆನೆಯಲು ಬಿಟ್ಟು, ಸಿಪ್ಪೆ ಉಜ್ಜಿ ತೊಳೆದು ರುಬ್ಬುತ್ತಾರೆ. ಆಗ ಹಿಟ್ಟಿಗೆ ಜಿಗಿ ಬರುತ್ತದೆ. ಮಡಚಿದರೂ ರೊಟ್ಟಿ ಮುರಿಯುವುದಿಲ್ಲ.

ಬೀದಿಯ ಮಕ್ಕಳೆಲ್ಲ ಭಾನುವಾರ ನಮ್ಮ ತಾರಸಿಗೆ ಬರಲು ಶುರುಮಾಡಿದವು. ದೊಡ್ಡವ್ವನ ಮೊಮ್ಮಕ್ಕಳೂ ಬಂದವು. ಆಹಾ, ಅವತ್ತಿನ ನನ್ನ ಖುಷಿ! ಕೊನೆಗೊಂದು ದಿನ ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತಿ ಅವಳೇ ಬಂದಳು.

“ಮೊಮ್ಮಕ್ಳು ನನ್ನ ಸಾರು ಮುಟ್ಟಾಕಿಲ್ಲ ಅಂತವೆ ಕಣಮ್ಮಿ. ಬರೋ ಭಾನುವಾರ ಕಳಲೆಯಿಂದ ಬೀಗರು ಬತ್ತಾವ್ರೆ. ಅವರ ಮನೆ ಐಕಳಿಗೂ ಇದೇ ಬೇಕಂತೆ. ನಂಗೂ ಒಸಿ ಹೇಳ್ಕೊಡು.”

ಅವಳ ಕಿರಿಮಗಳ ಸಂಬಂಧ ಕುದುರಿ ಗಂಡಿನ ಮನೆಯವರು ಮೊದಲ ಸಲ ಊಟಕ್ಕೆ ಬರುವವರಿದ್ದರು. ನಾನು ಚಾಪೆ ಹಾಸಿ ಕೂರಿಸಿದೆ. ಎಲ್ಲಾ ಹೇಳಿದೆ. ಎಷ್ಟು ಮೆಣಸಿನಕಾಯಿ, ಎಷ್ಟು ನಿಂಬೆ, ಜೋಳ ಎಷ್ಟು ಹೊತ್ತು ಬೇಯಬೇಕು, ಎಲ್ಲಾ. ಸುಣ್ಣ ಒಂದನ್ನು ಬಿಟ್ಟು. ನಾನು ಹೇಳುವಷ್ಟು ಹೊತ್ತೂ ದೊಡ್ಡವ್ವ ಎದುರಿಗೆ ಕೂತು, ಡಬ್ಬಿಯಿಂದ ಬೆರಳಲ್ಲಿ ಸುಣ್ಣ ತೆಗೆದು ಎಲೆಯ ಬೆನ್ನಿಗೆ ಸವರುತ್ತಿದ್ದಳು. ನನ್ನ ನಾಲಿಗೆ ಒಂದಿಷ್ಟೂ ತಡವರಿಸಲಿಲ್ಲ.

ಭಾನುವಾರ ಬಡಿಸಲು ಕೈಜೋಡಿಸುವ ನೆಪದಲ್ಲಿ ನಾನೂ ಹೋಗಿ ನೀರಿನ ಜಗ್ಗು ಹಿಡಿದು ಬಾಗಿಲಲ್ಲಿ ನಿಂತೆ. ಕೋಳಿ ಚೆನ್ನಾಗಿಯೇ ಬಂದಿತ್ತು. ರೊಟ್ಟಿ ಎತ್ತಿದ ಕಡೆಯೆಲ್ಲ ಉದುರುತ್ತಿತ್ತು. ಬೀಗಿತ್ತಿ ತಟ್ಟೆ ನೋಡಿ, “ಇದೇನವ್ವಾ, ಉಪ್ಪಿಟ್ಟಾ?” ಅಂದಳು. ಪಂಕ್ತಿಗೆ ಪಂಕ್ತಿಯೇ ಗೊಳ್ಳೆಂದಿತು. ದೊಡ್ಡವ್ವ ತಲೆ ಎತ್ತಿ ಒಂದು ಸಲ ನನ್ನ ಕಡೆ ನೋಡಿದಳು. “ನನ್ನ ಕೈ ತಪ್ಪೋಯ್ತು ಕಣವ್ವ” ಎಂದು ಬೀಗಿತ್ತಿಗೆ ಹೇಳಿದಳು. ನಾನು ಮನೆಗೆ ಬಂದು ಎರಡು ಮುದ್ದೆ ಉಂಡೆ. ಅಷ್ಟು ವರ್ಷಗಳಲ್ಲಿ ಅಂಥಾ ರುಚಿಯ ಊಟ ಉಂಡಿರಲಿಲ್ಲ.

ಮದುವೆಯೇನೋ ಚೆನ್ನಾಗಿಯೇ ಆಯಿತು. ಕಳಲೆಯವರು ಮಾತ್ರ ಆ ಉಪ್ಪಿಟ್ಟಿನ ಮಾತು ಬಹಳ ದಿನ ಆಡಿಕೊಂಡು ನಕ್ಕರಂತೆ. ದೊಡ್ಡವ್ವ ಮತ್ತೆ ನಮ್ಮ ಮೆಟ್ಟಿಲು ಹತ್ತಲಿಲ್ಲ. ಬೀದಿಯಲ್ಲಿ ಸಿಕ್ಕರೆ ಸುಮ್ಮನೆ ನಗುತ್ತಿದ್ದಳು. ಸೋತ ನಗು, ಇರಲಿ ಎಂದುಕೊಳ್ಳುತ್ತಿದ್ದೆ. ಹೋದ ವರ್ಷ ಮಲಗಿದವಳು ಏಳಲಿಲ್ಲ. ಹೋಗಿ ಬಾಯಿಗೆ ಅಕ್ಕಿ ಹಾಕಿ ಬಂದೆ. ಕಣ್ಣಲ್ಲಿ ಒಂದು ಹನಿ ಬರಲಿಲ್ಲ, ಬರಬೇಕೆಂದು ನಾನೂ ಬಯಸಲಿಲ್ಲ.

ಮೊನ್ನೆ ಆ ಹೊಗೆಯ ಜಾಡು ಹಿಡಿದು ಮೂಲೆಮನೆಯ ಸೊಸೆ ಮೇಲೆ ಬಂದಳು. ರೊಟ್ಟಿಗೆ ಕೋಳಿ ಬಿಡಿಸಿಟ್ಟು, ಈರುಳ್ಳಿ ಟೊಮೇಟೊ ಹಾಕಿ ಮಡಚಿ ಕೊಟ್ಟೆ. ಅರ್ಧ ತಿಂದವಳು ನಿಲ್ಲಿಸಿದಳು.

“ಅಕ್ಕಾ, ಒಂದ್ ಮಾತು. ಬೀಗರು ಬರೋದಕ್ಕೆ ಎರಡು ದಿನ ಮುಂಚೇನೇ ನಾನು ಫೋನಲ್ಲಿ ನೋಡಿ ಸುಣ್ಣ ಬೇಕು ಅಂತ ಅತ್ತೆಗೆ ಹೇಳಿದ್ದೆ. ಹಾಕೋಕೂ ಹೋದೆ. ಕೈ ಹಿಡ್ಕಂಡ್ರು. ‘ಬ್ಯಾಡ, ಅವ್ಳು ಹೇಳಿದಂಗೇ ಮಾಡು. ಅವ್ಳ ಅಪ್ಪನ ಬಾಯಿಗೆ ನಾನು ಕಲ್ಲು ಹಾಕಿದ್ದೆ. ಅವ್ಳ ಹೊಟ್ಟೆ ತಣ್ಣಗಾಗ್ಲಿ’ ಅಂದ್ರು.”

ನನ್ನ ಮೈಯೆಲ್ಲ ಉರಿದುಹೋಯಿತು. ಅಂದರೆ ನಾನು ಗೆದ್ದೇ ಇರಲಿಲ್ಲ! ಗೊತ್ತಿದ್ದೂ ಗೊತ್ತಿದ್ದೂ ಬೀಗರ ಮುಂದೆ ಮಾನ ಕಳೆದುಕೊಂಡು, ನನ್ನ ಸೇಡನ್ನೂ ತಾನೇ ಬಡಿಸಿ ಹೋಗಿದ್ದಳು ಆ ಮುದುಕಿ. ತಪ್ಪಾಯಿತು ಕಣಮ್ಮಿ ಎಂದು ಒಂದು ಮಾತು, ಒಂದೇ ಒಂದು ಮಾತು ನನ್ನ ಮುಖಕ್ಕೆ ಹೇಳಿದ್ದರೆ ಅವಳ ಗಂಟೇನು ಹೋಗುತ್ತಿತ್ತು? ಕೂಗಾಡುತ್ತಿದ್ದೆ, ಅತ್ತುಬಿಡುತ್ತಿದ್ದೆ, ಆಮೇಲೆ... ಆಮೇಲೆ ಏನು ಮಾಡುತ್ತಿದ್ದೆನೋ ನನಗೂ ಗೊತ್ತಿಲ್ಲ. ಅಪ್ಪನಿಗೆ ಮಾಡಿದ್ದನ್ನು ನಾನು ಈಗಲೂ ಕ್ಷಮಿಸಿಲ್ಲ. ಇದನ್ನಂತೂ ಕ್ಷಮಿಸುವುದೇ ಇಲ್ಲ.

ಸೊಸೆ ಇಳಿದು ಹೋದ ಮೇಲೆ ತಾರಸಿಯ ಅಂಚಿಗೆ ಹೋಗಿ, ಮೂಲೆಮನೆಯ ಕಡೆ ತಿರುಗಿ ಬಾಯಿಗೆ ಬಂದಂತೆ ಬೈದೆ. ಗಂಟಲು ಕಟ್ಟುವವರೆಗೂ ಬೈದೆ. ಎದುರುಮನೆಯವಳು ಬಟ್ಟೆ ಒಣಹಾಕುತ್ತಿದ್ದವಳು ಗಾಬರಿಯಾಗಿ, “ಯಾರ್ ಜೊತೆ ಜಗಳ ಆಡ್ತಾ ಇದ್ದೀರಾ ಅಕ್ಕಾ?” ಎಂದು ಕೂಗಿ ಕೇಳಿದಳು.

ಯಾರೂ ಇಲ್ಲ ಕಣಮ್ಮ ಎಂದೆ.