ಹೋತ ಮೇಯ್ದ ಮಂಗೋಲಿಯಾ

ಗುಳೇದಗುಡ್ಡದಾಚೆಯ ಸಣ್ಣ ಊರಿನ ಕುರಿಗಾರ ಚಂದಪ್ಪ ದೇಶಗಳನ್ನು ಅಳೆಯುವ ರೀತಿಯೇ ಬೇರೆ. ಪಂಚಾಯಿತಿ ಗ್ರಂಥಾಲಯದಿಂದ ವಾರಕ್ಕೊಂದು ಪುಸ್ತಕ ತಂದು, ಕಂಬಳಿಯಲ್ಲಿ ಸುತ್ತಿಕೊಂಡು ಗುಡ್ಡ ಹತ್ತುತ್ತಾನೆ. ಐವತ್ತೆಂಟರ ವಯಸ್ಸಿಗೆ ಹೀಗೆ ಅರ್ಧ ಏಷ್ಯಾ ತಿರುಗಿ ಬಂದಿದ್ದಾನೆ. ಅವನ ಲೆಕ್ಕದಲ್ಲಿ ಟಿಬೆಟ್ಟಿನವರು ಜಾಣರು, ಅರಬರ ಒಂಟೆ ಪರವಾಗಿಲ್ಲ. ಜಪಾನಿನ ಪುಸ್ತಕದಲ್ಲಿ ಇನ್ನೂರು ಪುಟ ಓದಿದರೂ ಒಂದು ಕುರಿ ಸಿಗಲಿಲ್ಲವೆಂದು ಆ ದೇಶವನ್ನೇ ಕೈಬಿಟ್ಟ. ಏಳನೇ ಇಯತ್ತೆಗೆ ಶಾಲೆ ಬಿಟ್ಟವನ ಈ ತೀರ್ಪನ್ನು ಕಟ್ಟೆಯ ಮೇಲಿನ ಡಿಗ್ರಿಯವರೂ ಅಲ್ಲಗಳೆದಿಲ್ಲ.

ಈ ಸಲ ಸಿಕ್ಕಿದ್ದು ಮಂಗೋಲಿಯಾದ ಕುರಿಗಾರ ಮುದುಕಿಯೊಬ್ಬಳ ಕಥೆ. ಹಿಮಗಾಳಿಯಲ್ಲಿ ಅವಳ ಮುನ್ನೂರು ಕುರಿ ಕಾಣೆಯಾಗಿದ್ದವು. ಓದುತ್ತ ಚಂದಪ್ಪನ ಜೀವ ಬಾಯಿಗೆ ಬಂದಿತ್ತು. ಅಷ್ಟರಲ್ಲಿ ಅವನದೇ ಮರಿಯೊಂದು ಮುಳ್ಳುಕಂಟಿಗೆ ಸಿಕ್ಕಿ ಅರಚಿತು. ಪುಸ್ತಕ ಬಂಡೆಯ ಮೇಲಿಟ್ಟು ಓಡಿದ. ಮರಿ ಬಿಡಿಸಿ ಬಂದು ನೋಡಿದರೆ ಹಿಂಡಿನ ಹೋತ ಗಡ್ಡ ಅಲ್ಲಾಡಿಸುತ್ತ ಕೊನೆಯ ನಾಲ್ಕು ಹಾಳೆ ಮುಗಿಸಿತ್ತು. ಆಡು ಮುಟ್ಟದ ಸೊಪ್ಪಿಲ್ಲ ಎನ್ನುತ್ತಾರೆ. ಈಗ ಗ್ರಂಥಾಲಯವೂ ಆಯಿತು.

"ಲೇ, ನಾ ಇನ್ನೂ ಓದಿಲ್ಲಲೇ," ಎಂದ ಚಂದಪ್ಪ. ಹೋತ ತೇಗಿತು.

ಪುಸ್ತಕ ಹರಿದರೆ ಕಾರ್ಡು ಕಿತ್ತುಕೊಳ್ಳುತ್ತೇನೆಂದು ಗ್ರಂಥಪಾಲಕಿ ಸುಧಾರಾಣಿ ಮೊದಲೇ ಹೇಳಿದ್ದಳು, ಹೇಳಿದ್ದನ್ನು ಮಾಡುವ ಹೆಣ್ಣು. ಕಾರ್ಡು ಹೋದರೆ ಹಗಲೆಲ್ಲ ಹೋತದ ಮುಖ ನೋಡುತ್ತ ಕೂರಬೇಕು. ಅದು ಅವನಿಂದ ಆಗದ ಮಾತು. ಮೊಮ್ಮಗಳ ನೋಟುಬುಕ್ಕಿನಿಂದ ನಾಲ್ಕು ಹಾಳೆ ಹರಿದು, ತಾನೇ ಕಥೆ ಮುಗಿಸಿ, ಮೈದಾ ಅಂಟಿನಿಂದ ಹಚ್ಚಿ ಮರಳಿಸಿಬಿಟ್ಟ.

ಸುಧಾರಾಣಿ ನಿಂತಲ್ಲೇ ಓದಿದಳು. ಮುದುಕಿ ಕುರಿಗಾರರ ದೇವರು ಬೀರಪ್ಪನನ್ನು ನೆನೆದು ಅರಿಷಿಣದ ಭಂಡಾರ ತೂರುತ್ತಾಳೆ, ಹಿಮ ಕರಗುತ್ತದೆ, ಮುನ್ನೂರು ಕುರಿ ಮರಿ ಹಾಕಿಕೊಂಡು ಮುನ್ನೂರ ಇಪ್ಪತ್ತಾಗಿ ಮರಳುತ್ತವೆ. ಖುಷಿಗೆ ಮುದುಕಿ ಹೊಸ ಇಳಕಲ್ ಸೀರೆ ಉಟ್ಟು ಎಲ್ಲರಿಗೂ ರೊಟ್ಟಿ, ಪುಂಡಿಪಲ್ಯ ಬಡಿಸುತ್ತಾಳೆ.

"ಕಾಕಾ, ಮಂಗೋಲಿಯಾದಾಗ ಪುಂಡಿಪಲ್ಯ ಎಲ್ಲಿ ಸಿಗತೈತ್ರಿ?"

"ಯಾರರ ಬೀಜ ಒಯ್ದಿರಬೇಕ್ರಿ ಅಕ್ಕಾರ."

ಅವಳು ನಗಲಿಲ್ಲ. ಚಂದಪ್ಪ ಹೋತದ ಸಂಗತಿಯನ್ನೆಲ್ಲ ಬಾಯಿಬಿಟ್ಟ. ಕಾರ್ಡು ಮೇಜಿನ ಖಾನೆ ಸೇರಿತು.

ಎಂಟು ದಿನಕ್ಕೆ ಅವಳೇ ಕರೆಸಿದಳು. ಬಾಗಲಕೋಟೆಯಿಂದ ಇನ್ನೊಂದು ಪ್ರತಿ ತರಿಸಿದ್ದಳು. "ಖರೆ ಕಥಿ ಏನೈತಿ, ನನ್ನ ಮುಂದ ಓದ್ರಿ ಕಾಕಾ. ಕಾರ್ಡಿನ ಮಾತು ಆಮ್ಯಾಲ."

ಚಂದಪ್ಪ ಓದಿದ. ಕುರಿಗಳು ಸಿಕ್ಕಿದ್ದವು, ಮುನ್ನೂರೂ. ಒಂದಕ್ಕೊಂದು ಒತ್ತಿಕೊಂಡು ನಿಂತಲ್ಲೇ ಸೆಟೆದುಹೋಗಿದ್ದವು. ಮುದುಕಿ ಒಂದೊಂದನ್ನೂ ಹೆಸರು ಹಿಡಿದು ಕರೆಯುವಲ್ಲಿಗೆ ಕಥೆ ಮುಗಿದಿತ್ತು. ಮೂರು ವರ್ಷದ ಹಿಂದೆ ನೀಲಿ ನಾಲಿಗೆ ರೋಗಕ್ಕೆ ನಲವತ್ತು ಕುರಿ ಹೋದಾಗ ಅವನೂ ಹಾಗೇ ಕರೆದಿದ್ದ. ದುಃಖ ತಡೆಯಲಾಗಲಿಲ್ಲ. ಕಂಬಳಿಯ ತುದಿಯಿಂದ ಮೂಗು ಒರೆಸಿಕೊಂಡ.

ಸುಧಾರಾಣಿ ಖಾನೆ ತೆಗೆದು ಕಾರ್ಡು ಅವನ ಮುಂದಿಟ್ಟಳು. "ಎರಡರಾಗ ಯಾವ ಪುಸ್ತಕ ಕಪಾಟಿನಾಗ ಇಡ್ಲಿ?"

"ನಮ್ಮದ ಇಡ್ರಿ," ಎಂದ ಚಂದಪ್ಪ. "ಹೋತಕ್ಕ ಬುದ್ಧಿ ಐತಿ ನೋಡ್ರಿ. ತಿನ್ನಬೇಕಾದ್ದನ್ನ ತಿಂದೈತಿ."