ಗೇಣಿಗೆ ತಂದ ಕಾರು

ಸ್ಟೇರಿಂಗ್ ಹಿಡಿದಾಗ ದೊಡ್ಡಪ್ಪನ ಎರಡೂ ತೋರುಬೆರಳುಗಳು ನೆಟ್ಟಗೆ ಮೇಲೆದ್ದಿರುತ್ತಿದ್ದವು, ಎದುರಿನ ಲಾರಿಗೆ ಸ್ವಲ್ಪ ತಾಳು ಎನ್ನುವಂತೆ. ಐವತ್ತು ದಾಟಿದ ಮೇಲೆ ಕಾರು ಕಲಿತವರು. ದೊಡ್ಡಮ್ಮನ ಕಿಡ್ನಿ ಕೈಕೊಟ್ಟು, ಶಿರಾಲಿಯಿಂದ ಕುಮಟಾಕ್ಕೆ ಡಯಾಲಿಸಿಸ್‌ಗೆ ಓಡಾಡಬೇಕಾದಾಗ ನಾನು ನನ್ನ ಹೆಸರಿನಲ್ಲಿ ಮೂರು ವರ್ಷದ ಲೀಸಿಗೆ ಒಂದು ಕಾರು ತಂದೆ. ಓಡಿಸುವವರು ದೊಡ್ಡಪ್ಪ. ಬಾಡಿಗೆ ಭಟ್ಕಳದ ಕಾಲೇಜು ಕೊಡುವ ನನ್ನ ಸಂಬಳದಿಂದ.

ಲೀಸು ಎಂದರೇನೆಂದು ಅವರಿಗೆ ವಿವರಿಸಹೋಗಿ ನನಗೇ ತಲೆ ಕೆಟ್ಟಿತು. ಕಾರು ನಮ್ಮದಲ್ಲ, ಆದರೆ ನಮ್ಮ ಅಂಗಳದಲ್ಲೇ ಇರುತ್ತದೆ. "ಅಂದ್ರೆ ಗೇಣಿ. ಅಷ್ಟೇ ಅಲ್ವನೇ?" ಎಂದರು. ಅವರಪ್ಪ ಗೇಣಿಗೆ ಗದ್ದೆ ಮಾಡಿದವರು. ಸಾಕಪ್ಪಾ ಎಂದು ನಾನೂ ಹೂಂಗುಟ್ಟಿದೆ. ಅದರ ಫಲ ದೀಪಾವಳಿಗೆ ಕಂಡಿತು. ಹಬ್ಬಕ್ಕೆ ಒಡೆಯರ ಮನೆಗೆ ಬಾಳೆಗೊನೆ ಒಯ್ಯುವುದು ಗೇಣಿದಾರರ ಹಳೆಯ ರೂಢಿ. ದೊಡ್ಡಪ್ಪ ಹೊನ್ನಾವರದ ಕಂಪನಿ ಆಫೀಸಿಗೆ ಗೊನೆ ಹೊತ್ತುಕೊಂಡು ಹೋಗಿ ಮೇಜಿನ ಮೇಲಿಟ್ಟು ಬಂದಿದ್ದರು. "ಮೇಡಂ, ಇದು ಯಾವ ಲೆಕ್ಕಕ್ಕೆ?" ಎಂದು ಆಫೀಸಿನವಳು ನನಗೆ ಫೋನ್ ಮಾಡಿದಳು.

ಎರಡನೆಯ ವರ್ಷ ದೊಡ್ಡಮ್ಮ ತೀರಿಕೊಂಡರು. ಕಾರು ವಾಪಸು ಕೊಡುತ್ತೇವೆಂದರೆ, ಉಳಿದ ಎಲ್ಲ ತಿಂಗಳ ಬಾಡಿಗೆಯನ್ನೂ ಒಟ್ಟಿಗೆ ಕಟ್ಟಿ ಎಂದಿತು ಕಂಪನಿ. ಅದು ನನ್ನಿಂದಾಗುವ ಮಾತಾಗಿರಲಿಲ್ಲ. ಸಹಿ ಹಾಕಿದ್ದು ನಾನೇ, ಕಟ್ಟಲೇಬೇಕೇನೋ ಎಂದು ಹೆದರಿ ಕೂತಿದ್ದೆ. ದೊಡ್ಡಪ್ಪ ಒಪ್ಪಲಿಲ್ಲ.

"ಗದ್ದೆ ಬಿಟ್ಟುಕೊಟ್ಟ ಮೇಲೂ ಗೇಣಿ ಕೇಳೂದು ಎಂತ ನ್ಯಾಯ? ನಾಳೆ ಅದೇ ಕಾರು ಬೇರೆಯವ್ರಿಗೆ ಕೊಡೂದಿಲ್ವ ಅವ್ರು?"

ಕಂಪನಿಗಾದ ನಷ್ಟಕ್ಕೆ ಏನಾದರೂ ಕೊಡಬೇಕಾದೀತು, ಓಡಿಸದ ತಿಂಗಳುಗಳಿಗೆ ಪೂರ್ತಿ ಬಾಡಿಗೆ ಕೇಳಿದರೆ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು ಎಂದರು ನಾವು ಹೋಗಿ ಕಂಡ ವಕೀಲರು. ಗೆಲ್ಲುತ್ತೇವಾ ಎಂದರೆ ಹೇಳಲಾಗದು ಎಂದರು. ನೋಟಿಸು ಹೋಯಿತು. ಕೊನೆಗೆ ಕಂಪನಿ ಎರಡು ತಿಂಗಳ ಬಾಡಿಗೆಗೆ ಇಳಿಯಿತು. ನೋಟಿಸಿಗೆ ಹೆದರಿತೋ, ದೊಡ್ಡಪ್ಪನ ಫೋನುಗಳಿಗೆ ಬೇಸತ್ತಿತೋ, ಬಾಳೆಗೊನೆಯ ದಾಕ್ಷಿಣ್ಯಕ್ಕೆ ಬಿತ್ತೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಕಾರು ಒಯ್ಯಲು ಕಂಪನಿಯವನು ಬಂದ ದಿನ ದೊಡ್ಡಪ್ಪ ನೆರೆಮನೆಯ ಇಬ್ಬರನ್ನು ಪಂಚರೆಂದು ಕರೆಸಿದರು. ಗದ್ದೆಯ ಗಡಿ ತೋರಿಸುವ ಹಾಗೆ ಅವನನ್ನು ಕಾರಿನ ಸುತ್ತ ನಡೆಸಿದರು. ಅವನು ತೋರಿಸಿದ ಗೀರುಗಳಿಗೆಲ್ಲ ಜಗಳ. "ಇದು ನೀವು ಕೊಡುವಾಗ್ಲೇ ಇತ್ತು. ಹೊಸ ಮ್ಯಾಟು ನಾ ಹಾಕಿದ್ದು, ಅದನ್ನೂ ಲೆಕ್ಕಕ್ಕೆ ಹಿಡೀರಿ."

ಆಮೇಲೆ ಮುಂದಿನ ಸೀಟಿನಲ್ಲಿ ತಲೆ ಆನಿಸುವ ಕಡೆಯ ಕವರಿನ ಮೇಲೆ ಅವನಿಗೊಂದು ಕಲೆ ಕಂಡಿತು. ಡಯಾಲಿಸಿಸ್ ಮುಗಿಸಿ ಬರುವಾಗ ದೊಡ್ಡಮ್ಮ ಸುಸ್ತಾಗಿ ಒರಗುತ್ತಿದ್ದ ಜಾಗ. ಅವರ ತಲೆಯ ಎಣ್ಣೆ.

"ಇದಕ್ಕೆ ಚಾರ್ಜ್ ಬೀಳ್ತದೆ," ಎಂದನವನು. ನಾನು ಇನ್ನೊಂದು ಜಗಳಕ್ಕೆ ಕಾದೆ.

"ಆತು, ಬರ್ಕೊಳ್ಳಿ," ಎಂದರು ದೊಡ್ಡಪ್ಪ. "ದುಡ್ಡು ಕೊಟ್ಟ ಮೇಲೆ ಕವರು ನಮ್ದೇ ಆಗ್ತದಲ್ಲ?"

ಅವನು ತಬ್ಬಿಬ್ಬಾಗಿ ನನ್ನ ಮುಖ ನೋಡಿದ. ಕರಾರಿನಲ್ಲಿ ಹಾಗೇನಾದರೂ ಇದೆಯೇ ಎಂದು ನನಗೆ ತಿಳಿದಿರಲಿಲ್ಲ. ಆಗುತ್ತದೆ ಎಂದುಬಿಟ್ಟೆ.

ಕಳೆದ ಮಳೆಗಾಲದ ಕೊನೆಗೆ ದೊಡ್ಡಪ್ಪನೂ ಹೋದರು. ಅವರ ಹಾಸಿಗೆಯನ್ನು ಸುಡಲೆಂದು ಹೊರಗೆ ತೆಗೆದಾಗ ನೋಡಿದೆ, ಆ ಕವರನ್ನು ದಿಂಬಿಗೆ ಸೇರಿಸಿ ಹೊಲಿದುಕೊಂಡಿದ್ದರು. ಅವರದೇ ಕೈಯ ಸೊಟ್ಟ ಹೊಲಿಗೆ. ಸುಡುವುದೋ ಇಟ್ಟುಕೊಳ್ಳುವುದೋ ತೋಚದೆ, ಆ ದಿಂಬನ್ನು ಹಿಡಿದು ಅಂಗಳದಲ್ಲಿ ನಿಂತು ಅತ್ತುಬಿಟ್ಟೆ.