ಕಿವಿರು ಮೂಸುವವಳ ಮಗಳು

ಹರಿಣಾಕ್ಷಿಯ ಪಕ್ಕ ಕೂರಲು ತರಗತಿಯಲ್ಲಿ ಯಾರೂ ಒಪ್ಪುತ್ತಿರಲಿಲ್ಲ. ನಾನೂ ಒಪ್ಪಲಿಲ್ಲ. ಕೋಟದ ಅರ್ಚಕರ ಮನೆ ಹುಡುಗಿ ನಾನು, ಮೂಗಿಗೆ ಕರವಸ್ತ್ರ ಹಿಡಿದು ಎದ್ದು ಮುಂದಿನ ಬೆಂಚಿಗೆ ಹೋದವಳು. ಇದು 2003ರ ಮಾತು. ಕುಂದಾಪುರದ ಒಂದು ಕಾಲೇಜು, ಬಿ.ಎಸ್ಸಿ. ಜೀವರಸಾಯನಶಾಸ್ತ್ರದ ತರಗತಿ. ಅವಳಿಂದ ಮೀನಿನ ವಾಸನೆ ಬರುತ್ತಿತ್ತೇ? ನಿಜ ಹೇಳುತ್ತೇನೆ, ಸಾಬೂನಿನ ವಾಸನೆ ಬಿಟ್ಟು ಬೇರೇನೂ ಇರಲಿಲ್ಲ.

ಅವಳ ತಾಯಿ ಪದ್ದು ಹಾಲಾಡಿ ಪೇಟೆಯಲ್ಲಿ ಮೀನು ಮಾರುವವಳು. ಬಂಗುಡೆ ಮೀನಿನ ಕಿವಿರು ಎತ್ತಿ ಒಮ್ಮೆ ಮೂಸಿದರೆ ಸಾಕು, ಇವತ್ತಿನದೋ ನಿನ್ನೆಯ ಐಸಿನದೋ ಹೇಳಿಬಿಡುತ್ತಿದ್ದಳಂತೆ. "ಕಣ್ಣ್ ಸುಳ್ಳ್ ಹೇಳತ್ತ್, ಮೂಗ್ ಹೇಳುದಿಲ್ಲ" ಅನ್ನುವುದು ಅವಳ ಮಾತು. ಅವಳಿಗೆ ಸಕ್ಕರೆ ಕಾಯಿಲೆ. ದಿನಾ ಬೆಳಿಗ್ಗೆ ಮಗಳೇ ಇನ್ಸುಲಿನ್ ಚುಚ್ಚುತ್ತಿದ್ದಳು. ಫ್ರಿಜ್ ಇಲ್ಲದ ಮನೆ. ಔಷಧಿ ಬಾಟಲಿ ಮೀನಿನ ಐಸ್ ಪೆಟ್ಟಿಗೆಯಲ್ಲೇ ಇರುತ್ತಿತ್ತು.

ನಮ್ಮ ಬಾಲಚಂದ್ರ ಮೇಷ್ಟ್ರು ಸಕ್ಕರೆ, ಕೊಬ್ಬು, ಹಾರ್ಮೋನು ಎಂದು ಬೇರೆ ಬೇರೆ ಪಾಠ ಮಾಡಿದರು. ನಾವು ಬೇರೆ ಬೇರೆಯಾಗಿಯೇ ಉರು ಹೊಡೆದೆವು. ಹರಿಣಾಕ್ಷಿ ಮಾತ್ರ ಹಳೆ ಕ್ಯಾಲೆಂಡರಿನ ಹಾಳೆಗಳನ್ನು ಅಂಟಿಸಿ, ಹಿಂಬದಿಯಲ್ಲಿ ಎಲ್ಲವನ್ನೂ ಒಂದೇ ನಕ್ಷೆಯಾಗಿ ಬರೆದು ತಂದಳು. "ಒಂದ್ ಗಂಟ್ ಹರದ್ರೆ ಇಡೀ ಬಲೆ ಬಿಚ್ಚತ್ತ್ ಸಾರ್" ಎಂದು ತೋರಿಸಿದಳು. ಮೇಷ್ಟ್ರು ಹಾಳೆಯನ್ನು ಎರಡು ಬೆರಳಲ್ಲಿ ಎತ್ತಿ ಮೂಸಿ, "ಇದರಲ್ಲಿ ಬಂಗುಡೆ ಕಟ್ಟಿದ್ದೇನಮ್ಮ?" ಎಂದರು. ತರಗತಿಯೆಲ್ಲ ಬಿದ್ದು ಬಿದ್ದು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು. ನನ್ನ ಬಾಯಿಗೆ ಬೆಂಕಿ ಬೀಳಲಿ!

ಅಂದಿನಿಂದ ಅವಳು ಮೀನು ಮುಟ್ಟಲಿಲ್ಲ. ತಾಯಿ ಹತ್ತಿರ ಬಂದರೆ ಉಸಿರು ಬಿಗಿಹಿಡಿದು, "ಅಬ್ಬಿ, ದೂರ ನಿಲ್ಲ್" ಎನ್ನುವಳು. ಸೂಜಿಯನ್ನೂ ಮುಖ ಆಚೆ ತಿರುಗಿಸಿಯೇ ಚುಚ್ಚುವಳು.

ಕೊನೆಯ ವರ್ಷದ ಪ್ರಾಯೋಗಿಕ ಪರೀಕ್ಷೆಗೆ ಎರಡು ದಿನ ಇರುವಾಗ ಪದ್ದುವಿಗೆ ಜ್ವರ, ವಾಂತಿ ಶುರುವಾಯಿತು. "ಹೊಟ್ಟಿಗ್ ಎಂತದೂ ಹೋಯ್ಲಿಲ್ಲ, ಸೂಜಿ ಎಂತಕೆ ಮಗಾ?" ಎಂದಳು. ಊಟವಿಲ್ಲದಿದ್ದರೆ ಸಕ್ಕರೆ ಎಲ್ಲಿಂದ ಬರಬೇಕು ಎಂಬ ನಂಬಿಕೆ. ಹರಿಣಾಕ್ಷಿಗೆ ಒಳಗೊಳಗೇ ಹಾಯೆನಿಸಿತು, ಸೂಜಿ ಬಿಟ್ಟಳು. ಐಸ್ ಪೆಟ್ಟಿಗೆಗೆ ಕೈ ಹಾಕುವುದು ತಪ್ಪಿತಲ್ಲ! ಮೂರನೆಯ ಬೆಳಿಗ್ಗೆ ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು, ಬಾಗಿಲಲ್ಲೇ ನಿಂತು ಹೇಳಿ ಪರೀಕ್ಷೆಗೆ ಹೊರಟಳು. ಪದ್ದು ಏದುಸಿರು ಬಿಡುತ್ತಲೇ "ಹೋಯ್ಕಂಡ್ ಬಾ" ಎಂದಳು.

"ಮಧುಮೇಹಿ ಊಟವನ್ನೂ ಇನ್ಸುಲಿನ್ನನ್ನೂ ಬಿಟ್ಟರೆ ಏನಾಗುತ್ತದೆ?" ಎಂದು ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರು ಹರಿಣಾಕ್ಷಿಯನ್ನು ಕೇಳಿದರು. ನನ್ನ ಸರದಿಗೆ ಕಾಯುತ್ತಾ ನಾನು ಅಲ್ಲೇ ಇದ್ದೆ. ನೀರು ಕುಡಿದಷ್ಟು ಸಲೀಸಾಗಿ ಹೇಳಿದಳು: ಊಟ ಬಿಟ್ಟರೂ ಯಕೃತ್ತು ಸಕ್ಕರೆ ಮಾಡುತ್ತಲೇ ಇರುತ್ತದೆ, ಇನ್ಸುಲಿನ್ ಇಲ್ಲದೆ ಅದು ಜೀವಕೋಶಕ್ಕೆ ದಕ್ಕುವುದಿಲ್ಲ, ಮೈ ಕೊಬ್ಬನ್ನು ಸುಡುತ್ತದೆ, ಕೀಟೋನು ಹೆಚ್ಚಿ ರಕ್ತ ಹುಳಿಯಾಗುತ್ತದೆ, ವಾಂತಿ, ಏದುಸಿರು, ಉಸಿರಿಗೆ ಕಳಿತ ಹಣ್ಣಿನ ವಾಸನೆ...

ಅಲ್ಲಿಗೆ ನಿಂತಳು. ಮುಖ ಬಿಳಿಚಿತು.

"ಸಾರ್, ನಾನ್ ಮನೆಗ್ ಹೋಯ್ಕ್."

"ನಾಟಕ ಬೇಡ. ಪ್ರಯೋಗ ಇನ್ನೂ ಬಾಕಿ ಇದೆ, ಈಗೆದ್ದರೆ ಫೇಲು" ಎಂದು ಬಾಲಚಂದ್ರ ಮೇಷ್ಟ್ರು ಗದರಿದರು. ಅವಳು ಕೂತಳು. ಒಂದೂವರೆ ಗಂಟೆ ಕೂತಳು. ನಾನು ತಲೆ ತಗ್ಗಿಸಿ ನನ್ನ ಸರದಿಯ ಉತ್ತರಗಳನ್ನು ಉರು ಹೊಡೆಯುತ್ತಿದ್ದೆ.

ಮನೆ ಮುಟ್ಟಿದಾಗ ತಾಯಿಗೆ ಪ್ರಜ್ಞೆ ಇರಲಿಲ್ಲ. ಎಷ್ಟೋ ತಿಂಗಳ ಮೇಲೆ ಬಾಗಿ ತಾಯಿಯ ಉಸಿರು ಮೂಸಿದಳಂತೆ. ಕಳಿತ ಬಾಳೆಹಣ್ಣಿನದೇ ವಾಸನೆ. ಆಸ್ಪತ್ರೆಯ ದಾರಿಯಲ್ಲೇ ಪದ್ದು ಹೋದಳು. ಪ್ರಾಯೋಗಿಕದಲ್ಲಿ ಹರಿಣಾಕ್ಷಿಗೆ ನೂರಕ್ಕೆ ನೂರು ಬಂತು.

ಅವಳು ಮುಂದೆ ಓದಲಿಲ್ಲ. ಎಂಟು ವರ್ಷದ ಮೇಲೆ ಹಾಲಾಡಿಯಲ್ಲಿ ಕಂಡೆ, ತಾಯಿ ಕೂರುತ್ತಿದ್ದ ಜಾಗದಲ್ಲಿ, ತಾಯಿಯ ಬುಟ್ಟಿಯ ಮುಂದೆ. ಮನೆಯೊಳಗಿನದ್ದನ್ನೆಲ್ಲ ನನಗೆ ಹೇಳಿದ್ದು ಅಲ್ಲೇ, ಒಂದೊಂದೇ ಕಿವಿರು ಎತ್ತಿ ಮೂಸುತ್ತಾ. ನನಗೆ ಅಳು ತಡೆಯಲಾಗಲಿಲ್ಲ. "ತಪ್ಪಾಯ್ತ್ ಮಾರಾಯ್ತಿ" ಎಂದು ಕರವಸ್ತ್ರ ಮುಖಕ್ಕೆ ಒತ್ತಿಕೊಂಡೆ.

ಅವಳು ಆ ಕರವಸ್ತ್ರವನ್ನೇ ನೋಡಿದಳು. "ಮೂಗ್ ಮುಚ್ಚಿದ್ದ್ ನಾವ್ ಇಬ್ರೂ, ಶ್ರೀವಾಣಿ. ಸತ್ತದ್ದ್ ನನ್ನ ಅಬ್ಬಿ. ಈಗ ದೂರ ನಿಲ್ಲ್, ಗಿರಾಕಿ ಬತ್ರ್."